ಐವತ್ತು ಗ್ರಾಂ ಕುದುರೆ ಮಸಾಲೆ

ಗುರುಸಿದ್ದವ್ವನಿಗೆ ಒಂದು ಕಡೆ ಕೂತು ಗೊತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಯಾಕೆಂದರೆ ಮುಂದೆ ನಡೆದದ್ದಕ್ಕೆಲ್ಲ ಇದೇ ಮೂಲ. ಅಂಥವಳು ಹಿಡಿದದ್ದು ಮಾತ್ರ ದಿನವಿಡೀ ಕೂತೇ ಮಾಡುವ ಕೆಲಸ. ಬಾಗಲಕೋಟೆಯ ಹಳೇ ಊರಿನಲ್ಲಿ, ಅಣೆಕಟ್ಟಿನ ಮುಳುಗಡೆಯ ಸರ್ವೆಯವರು ಗೋಡೆಗೆ ಬರೆದುಹೋದ ನಂಬರು ಇನ್ನೂ ಮಾಸದಿದ್ದ ಒಂದು ಬಾಡಿಗೆ ಮನೆಯಲ್ಲಿ, ಬೀಜ ಮಾರುವ ಸಂಘವೊಂದು ಎರಡು ಕೋಣೆಯ ಪ್ರಯೋಗಾಲಯ ನಡೆಸುತ್ತಿತ್ತು. ಸಂಘದ ಹೆಸರು ಇಲ್ಲಿ ಬೇಡ. ಅದು ಮುಚ್ಚಿಹೋಗಿ ಎಷ್ಟೋ ಕಾಲವಾಯಿತು, ಆ ಮನೆಯೂ ನೀರಿನಡಿ ಸೇರಿತು. ಅಲ್ಲಿ ಗುರುಸಿದ್ದವ್ವ ಬೀಜ ಪರೀಕ್ಷಕಿ. ಗಾಜಿನ ಮೇಜಿನ ಮೇಲೆ ಬೀಜ ಹರವಿಕೊಂಡು, ಒಂದು ಕೈಯಲ್ಲಿ ಚಿಮಟ, ಇನ್ನೊಂದರಲ್ಲಿ ಭೂತಗನ್ನಡಿ ಹಿಡಿದು, ಒಳ್ಳೆಯ ಕಾಳು ಒಂದು ಕಡೆ, ಮುರುಕು ಒಂದು ಕಡೆ, ಕಳೆಯ ಬೀಜ ಒಂದು ಕಡೆ ಮಾಡುವುದು ಅವಳ ಕೆಲಸ. ನೂರು ಕಾಳಿಗೊಮ್ಮೆ ಎದ್ದು ಕಿಟಕಿಯ ತನಕ ಹೋಗಿ ಬರುತ್ತಿದ್ದಳು. ಕೂತಾಗಲೂ ಒಂದು ಕಾಲು ಅಲುಗುತ್ತಲೇ ಇರುತ್ತಿತ್ತು. ನಮ್ಮ ಬಾಯಾರು ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವರು ಎಂದು ಅಲ್ಲಿನ ಹಳೇ ಜವಾನ ಮಲೀಕಸಾಬ ನಗುತ್ತಿದ್ದ.

ಆದರೂ ಅವಳ ಕಣ್ಣು ಚುರುಕು, ಕೈ ಅದಕ್ಕಿಂತ ಚುರುಕು. ಮೂವತ್ತೈದು ವಯಸ್ಸಿಗೆ ಆ ಸೀಮೆಯ ಕಳೆ ಬೀಜಗಳಲ್ಲಿ ಅವಳಿಗೆ ಗುರುತಿಲ್ಲದ್ದು ಅಪರೂಪ. ಬೀಜ ಹಸನಾಗಿದ್ದರೆ ಅವಳು ಒಂದು ಚೀಟಿಗೆ ಸಹಿ ಹಾಕುವಳು, ಆ ಚೀಟಿಯನ್ನು ಚೀಲದ ಬಾಯಿಗೆ ಹೊಲಿಯುವರು. ಹುನಗುಂದ ಅವಳ ತವರು. ಅಲ್ಲಿಯ ಅಂಗಡಿಗಳಲ್ಲಿ ರೈತರು ಚೀಟಿ ತಿರುವಿ ನೋಡಿ, ನಮ್ಮ ಗುರುಸಿದ್ದಿ ನೋಡ್ಯಾಳ ಎಂದು ಬೇರೆ ಮಾತಿಲ್ಲದೆ ಚೀಲವನ್ನು ಚಕ್ಕಡಿಗೆ ಹಾಕಿಕೊಳ್ಳುತ್ತಿದ್ದರು. ಈ ಸುದ್ದಿಯನ್ನು ಅವಳ ಅವ್ವ ಪ್ರತಿ ಕಾಗದದಲ್ಲೂ ಬರೆಸುತ್ತಿದ್ದಳು. ಗುರುಸಿದ್ದವ್ವನಿಗೆ ಅದನ್ನು ಓದುವುದು ಇಷ್ಟ. ಯಾರಿಗೆ ಇಷ್ಟವಾಗುವುದಿಲ್ಲ?

ಎಂಬತ್ನಾಲ್ಕನೇ ಇಸವಿಯ ಫೆಬ್ರವರಿಯ ಒಂದು ಗುರುವಾರ ಬೆಳಿಗ್ಗೆ ಮೂವರು ಒಟ್ಟಿಗೆ ಬಂದು ಮೆಟ್ಟಿಲ ಮೇಲೆ ನಿಂತರು. ಒಬ್ಬ ಚೊಳಚಗುಡ್ಡದ ಅಮಾತೆಪ್ಪ. ಹಣೆ ತುಂಬ ವಿಭೂತಿ, ಇಸ್ತ್ರಿಯ ಅಂಗಿ, ಎರಡು ಮಿಶ್ರತಳಿಯ ಆಕಳು ಕಟ್ಟಿದ ಹೊಸ ಹುರುಪಿನ ರೈತ. ಇನ್ನೊಬ್ಬ ಅಮಸಿದ್ದಪ್ಪ, ಬೀರಪ್ಪನ ಒಕ್ಕಲಿನ ಕುರಿಗಾರ, ನೂರೈವತ್ತು ಕುರಿಗಳ ಯಜಮಾನ. ಮೂರನೆಯವಳು ಅವನ ತಾಯಿ ಬೋರವ್ವ. ಅವಳ ಹೆಗಲ ಮೇಲೆ ಕರಿ ಕಂಬಳಿ, ಕೈಯಲ್ಲಿ ಉಣ್ಣೆ ನೂಲುವ ಕದಿರು. ಗಂಡಸರಿಬ್ಬರ ನಡುವೆ ಬಟ್ಟೆಯ ಗಂಟೊಂದಿತ್ತು. ಒಬ್ಬನ ಕೈಗೆ ಕೊಟ್ಟರೆ ಇನ್ನೊಬ್ಬನಿಗೆ ನಂಬಿಕೆಯಿಲ್ಲ, ಆದ್ದರಿಂದ ಬಸ್ಸಿನಲ್ಲಿ ಅದನ್ನು ನಡುವೆ ಇಟ್ಟುಕೊಂಡು ಆ ಬದಿಗೊಬ್ಬ ಈ ಬದಿಗೊಬ್ಬ ಕೂತು ಬಂದಿದ್ದರು. ಗಂಟಿನ ಮೇಲೆ ಅರಗಿನ ಮುದ್ರೆ, ಮುದ್ರೆಯ ಮೇಲೆ ಇಬ್ಬರ ಹೆಬ್ಬೆರಳಿನ ಗುರುತು.

ಗುರುಸಿದ್ದವ್ವ ನಿಂತೇ ಗಂಟು ಬಿಚ್ಚಿದಳು. ಒಳಗೆ ಎರಡು ಪೊಟ್ಟಣ. ಒಂದರಲ್ಲಿ ಒಣಗಿದ ಹಳದಿ ಬಳ್ಳಿ, ನೂಲಿನ ಸಿಕ್ಕಿನಂತೆ ಮುದ್ದೆಯಾಗಿತ್ತು. ಇನ್ನೊಂದರಲ್ಲಿ ಕುರಿಯ ಹಿಕ್ಕೆ. ಜೊತೆಗೆ ಊರ ಹಿರಿಯರ ಕಾಗದ.

ಸಂಗತಿ ಇಷ್ಟು. ಅಮಾತೆಪ್ಪನಿಗೆ ಬಾವಿಯ ದಂಡೆಗೆ ಒಂದೆಕರೆ ಹೊಲವಿತ್ತು. ಅಕ್ಟೋಬರದಲ್ಲಿ ಗೊಬ್ಬರಕ್ಕೆಂದು ಅಲ್ಲಿ ಐದು ರಾತ್ರಿ ಅಮಸಿದ್ದಪ್ಪನ ಕುರಿ ತರುಬಿಸಿದ್ದ. ಕುರಿ ರಾತ್ರಿ ಹೊಲದಲ್ಲಿ ಮಲಗಬೇಕು, ಅವುಗಳ ಹಿಕ್ಕೆ ಉಚ್ಚೆ ಮಣ್ಣಿಗೆ ಬೀಳಬೇಕು, ಕುರಿಗಾರನಿಗೆ ಕಾಳು ಸಿಗಬೇಕು. ಇದು ಆ ಕಡೆ ಅಜ್ಜನ ಕಾಲದಿಂದ ನಡೆದುಬಂದ ಪದ್ಧತಿ. ಆಮೇಲೆ ನವೆಂಬರದಲ್ಲಿ ಆಕಳ ಮೇವಿಗೆ ಕುದುರೆ ಮಸಾಲೆ ಎಂಬ ಸೊಪ್ಪಿನ ಬೀಜ ಬಿತ್ತಿದ. ಸೊಪ್ಪು ಚೆಂದ ಬಂತು. ಸಂಕ್ರಾಂತಿಯ ಹೊತ್ತಿಗೆ ಅದರ ಮೇಲೆ ಬೇರಿಲ್ಲದ ಹಳದಿ ಬಳ್ಳಿ ಹಬ್ಬಿ, ರಸ ಹೀರಿ, ಅರ್ಧ ಹೊಲವನ್ನು ಸುಟ್ಟಂತೆ ಮಾಡಿತು. ಬೇಲಿಯ ಮೇಲಿನ ಬೇರಿಲ್ಲದ ಬಳ್ಳಿಯನ್ನು ಕುರಿ ತಿಂದು ಹಿಕ್ಕೆಯಲ್ಲಿ ತಂದಿವೆ ಎಂದು ಅಮಾತೆಪ್ಪ. ಮೂರು ತಲೆಮಾರು ತರುಬಿಸಿದ್ದೇವೆ, ಬೇಲಿಯ ಬಳ್ಳಿ ಯಾವತ್ತೂ ಹೊಲಕ್ಕೆ ಇಳಿದಿಲ್ಲ ಎಂದು ಅಮಸಿದ್ದಪ್ಪ. ಹಿರಿಯರು ಕೊನೆಗೆ, ಬಾಗಲಕೋಟೆಯ ಲ್ಯಾಬಿನವರು ಹೇಳಲಿ ಎಂದು ಕೈ ತೊಳೆದುಕೊಂಡರು. ಹಿಕ್ಕೆಯಲ್ಲಿ ಬಳ್ಳಿಯ ಬೀಜ ಇದೆ ಎಂದಾದರೆ ಸೋಮವಾರದಿಂದ ಅಮಸಿದ್ದಪ್ಪನ ಕುರಿ ಊರಿನ ಯಾವ ಹೊಲಕ್ಕೂ ಕಾಲಿಡಕೂಡದು.

ಊರೊಂದರ ಮಾತಾಗಿದ್ದರೆ ಹೋಗಲಿ ಎನ್ನಬಹುದಿತ್ತು. ಇಂಥ ಮಾತು ಕುರಿಗಿಂತ ಮುಂದೆ ನಡೆಯುತ್ತದೆ. ಶಿವಯೋಗ ಮಂದಿರದ ಹೊಳೆದಂಡೆಯವರು ಕೇಳುತ್ತಾರೆ, ಕಲಾದಗಿಯವರೂ ಕೇಳುತ್ತಾರೆ. ಆ ತಿಂಗಳಲ್ಲಿ ಗುಡ್ಡದ ಹುಲ್ಲು ಮುಗಿದಿರುತ್ತದೆ, ಕಟಾವಾದ ಹೊಲಗಳೇ ಕುರಿಗೆ ಗತಿ. ಅಲ್ಲಿಗೂ ಬಿಡದಿದ್ದರೆ ಹಿಂಡನ್ನು ಸಂತೆಗೆ ಹೊಡೆಯದೆ ಬೇರೆ ದಾರಿಯಿರಲಿಲ್ಲ.

ಗುರುಸಿದ್ದವ್ವ ಒಣ ಬಳ್ಳಿಯನ್ನು ಬೆರಳಲ್ಲಿ ತಿಕ್ಕಿ ಬೀಜ ಉದುರಿಸಿ ಗಾಜಿನಡಿ ಹಿಡಿದಳು. ಸಾಸಿವೆಗಿಂತ ಸಣ್ಣದು, ಕಂದು ಬಣ್ಣ, ಮೈ ಒರಟು. ಕಪಾಟಿನಿಂದ ಎರಡು ಗಾಜಿನ ನಳಿಕೆ ತಂದು ಪಕ್ಕದಲ್ಲಿಟ್ಟಳು. ಒಂದರಲ್ಲಿ ಬೇಲಿಯ ಬಳ್ಳಿಯ ಬೀಜ, ಇದಕ್ಕೆ ಎರಡರಷ್ಟು ದಪ್ಪ. ಇನ್ನೊಂದರಲ್ಲಿ ಹೊರಸೀಮೆಯಿಂದ ಮೇವಿನ ಬೀಜದ ಜೊತೆ ಹೊಸದಾಗಿ ಬರತೊಡಗಿದ್ದ ಬಳ್ಳಿಯದು. ಹೊಲದ ಬೀಜ ಎರಡನೆಯದಕ್ಕೇ ಹೊಂದಿತು. ಇದು ಬೇಲಿಯ ಬಳ್ಳಿಯಲ್ಲ, ಬೇರೆ ಜಾತಿ, ಈ ಸೀಮೆಯ ಬೇಲಿಗಳ ಮೇಲೆ ಇದನ್ನು ಯಾರೂ ಕಂಡಿಲ್ಲ ಎಂದು ಇಬ್ಬರಿಗೂ ತೋರಿಸಿದಳು. ಅಮಸಿದ್ದಪ್ಪ ತಾಯಿಯ ಕಡೆ ತಿರುಗಿ ನಕ್ಕ. ಅಮಾತೆಪ್ಪ ಜಗ್ಗಲಿಲ್ಲ. ಜಾತಿ ಯಾವುದಾದರೂ ಇರಲಿ, ಅದು ಹಿಕ್ಕೆಯಲ್ಲಿ ಇದೆಯೋ ಇಲ್ಲವೋ ಎನ್ನುವುದಷ್ಟೇ ಅವನಿಗೆ ಬೇಕಾಗಿತ್ತು.

ಹಿಕ್ಕೆಯನ್ನು ನೀರಲ್ಲಿ ನೆನೆಸಿ, ಜರಡಿ ಹಿಡಿದು, ಮಧ್ಯಾಹ್ನಕ್ಕೆ ನೋಡಿದರೆ ಅದರಲ್ಲೂ ಅವೇ ಸಣ್ಣ ಬೀಜ. ಮೂವತ್ತೊಂದು.

ಬೋರವ್ವ ಆಗ ಮೊದಲ ಸಲ ಬಾಯಿ ತೆರೆದಳು. ಹೊಲ ಹಾಳಾದ ಮೇಲೆ ಈ ಅಮಾತೆಪ್ಪ ಬಳ್ಳಿ ಸಮೇತ ಸೊಪ್ಪು ಕೊಯ್ದು ಒಡ್ಡಿನಾಚೆ ಎಸೆದ, ತಿಂಗಳೊಪ್ಪತ್ತು ನಮ್ಮ ಕುರಿ ಅದನ್ನೇ ತಿಂದಿವೆ, ಅವನೆಸೆದದ್ದು ಹಿಕ್ಕೆಯಲ್ಲಿ ಬಾರದೆ ಇನ್ನೆಲ್ಲಿ ಬರಬೇಕು ಎಂದಳು. ಅಮಾತೆಪ್ಪ ಸುಳ್ಳುಗಾರನಲ್ಲ. ಎಸೆದದ್ದು ಹೌದೆಂದು ಒಪ್ಪಿಕೊಂಡ.

"ಒಗದೇನಿ. ಆದ್ರ ಮೊದಲಿಗಿ ನನ್ನ ಹೊಲಕ್ಕ ಅದು ಬಂದದ್ದು ಎಲ್ಲಿಂದ? ಅಷ್ಟ ಹೇಳ್ರಿ ಬಾಯಾರ."

ಬಿತ್ತಿದ ಬೀಜ ಎಲ್ಲಿಯದು ಎಂದು ಗುರುಸಿದ್ದವ್ವ ಕೇಳಿದಳು. ಅಮಾತೆಪ್ಪ ಜೇಬಿನಿಂದ ಮಡಚಿದ ಚೀಟಿಯೊಂದನ್ನು ತೆಗೆದು, ಮಡಿಕೆ ಬಿಡಿಸಿ, ಮೇಜಿನ ಮೇಲಿಟ್ಟ.

"ಬೀಜದ ಮ್ಯಾಲ ಸಂಶಯ ಬ್ಯಾಡ್ರಿ," ಎಂದ. "ನಿಮ್ಮದ ಸಹಿ ಐತಿ."

ಸಹಿ ಅವಳದೇ. ಕೆಳಗೆ ತಾರೀಖು ಅಕ್ಟೋಬರ ಹದಿನೆಂಟು. ಗುರುಸಿದ್ದವ್ವ ಅದನ್ನು ಎರಡು ಸಲ ಓದಿದಳು. ಚೀಟಿಯ ನಂಬರು ಬರೆದುಕೊಂಡು, ಸೋಮವಾರ ತಾನೇ ಊರಿಗೆ ಕಾಗದ ತರುತ್ತೇನೆಂದು ಹೇಳಿ ಗಂಡಸರನ್ನು ಕಳಿಸಿದಳು. ಬೋರವ್ವ ಹೋಗಲಿಲ್ಲ. ಬಾಗಲಕೋಟೆಯಲ್ಲಿ ಅವಳ ತಂಗಿಯ ಮನೆಯಿತ್ತು. ಸಂಜೆ ಅಲ್ಲಿಗೆ ಹೋಗಿ ಬೆಳಿಗ್ಗೆ ಮತ್ತೆ ಬಂದು ಪ್ರಯೋಗಾಲಯದ ಕಟ್ಟೆಯ ಮೇಲೆ ಕೂತು ಉಣ್ಣೆ ನೂಲುತ್ತಿದ್ದಳು. ಕಾಗದ ಎಲ್ಲೂ ದಾರಿ ತಪ್ಪದ ಹಾಗೆ ಕಾವಲಿಗೆ ಕೂತವಳಂತೆ.

ಗುರುಸಿದ್ದವ್ವ ರಿಜಿಸ್ಟರು ತೆರೆದಳು. ಕುದುರೆ ಮಸಾಲೆಗೆ ನಿಯಮ ಎರಡು. ಐದು ಗ್ರಾಂ ಬೀಜದಲ್ಲಿ ಕಸ ಎಷ್ಟು ಎಂದು ಆರಿಸಿ ತೂಗಬೇಕು. ಆಮೇಲೆ ಐವತ್ತು ಗ್ರಾಂ ಬೀಜವನ್ನು ಒಂದೊಂದೇ ಕಾಳಿನಂತೆ ನೋಡಿ, ಕೆಟ್ಟ ಕಳೆಯ ಬೀಜ ಒಂದಾದರೂ ಇದೆಯೇ ಎಂದು ಹುಡುಕಬೇಕು. ಐದು ಗ್ರಾಂ ಅಂದರೆ ಎರಡೂವರೆ ಸಾವಿರ ಕಾಳು, ಒಂದು ಬೆಳಗಿನ ಕೆಲಸ. ಐವತ್ತು ಗ್ರಾಂ ಅಂದರೆ ಇಪ್ಪತ್ತೈದು ಸಾವಿರ, ಎದ್ದೇಳದೆ ಕೂತು ಬರೀ ಹುಡುಕಿದರೂ ಮೂರು ದಿನದ ಕೆಲಸ. ಆ ಅಕ್ಟೋಬರದಲ್ಲಿ ಬಿತ್ತನೆಯ ಮುಂಚೆ ಎಲ್ಲ ಬೆಳೆಗಳವೂ ಸೇರಿ ನೂರ ನಲವತ್ತು ಮಾದರಿಗಳು ಬಂದು ಬಿದ್ದಿದ್ದವು. ಮೇಲಿನ ಅಧಿಕಾರಿ ಸಂಗಯ್ಯನವರು ದಿನಕ್ಕೆರಡು ಸಲ ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದರು. ಐದು ಗ್ರಾಮಿನಲ್ಲಿ ಏನೂ ಸಿಗದಿದ್ದರೆ ಐವತ್ತರ ಕಾಲಮ್ಮಿನಲ್ಲಿ 'ಇಲ್ಲ' ಎಂದು ಬರೆದು ಮುಂದೆ ಹೋಗುವುದು ಅಲ್ಲಿಯ ರೂಢಿ. ಅವಳು ಬರುವ ಮೊದಲೂ ಹಾಗೇ ನಡೆದಿತ್ತು. ಕೂತಲ್ಲಿ ಕೂರಲಾರದವಳಿಗೆ ಆ ರೂಢಿ ಎಷ್ಟು ಹಿತವಾಗಿತ್ತೆಂದು ಅವಳಿಗೆ ಮಾತ್ರ ಗೊತ್ತು. ಚೀಟಿಯ ನಂಬರಿನ ಸಾಲಿನಲ್ಲಿ ಅವಳದೇ ಅಕ್ಷರ. ಐವತ್ತು ಗ್ರಾಂ, ಕಳೆ ಬೀಜ, ಇಲ್ಲ.

ಪ್ರತಿ ಮಾದರಿಯ ಒಂದು ಪಾಲನ್ನು ವರ್ಷದ ತನಕ ಕಾಯ್ದಿಡಬೇಕೆಂಬ ನಿಯಮವನ್ನಾದರೂ ಮಲೀಕಸಾಬ ಚಾಚೂ ತಪ್ಪದೆ ಪಾಲಿಸಿದ್ದ. ಆ ನಂಬರಿನ ಪೊಟ್ಟಣ ಕೇಳಿದಾಗ ಅವನು ಅವಳ ಮುಖವನ್ನೊಮ್ಮೆ ನೋಡಿ, ಏನೂ ಕೇಳದೆ ತಂದುಕೊಟ್ಟ. ಸಂಗಯ್ಯನವರು ಸುಮ್ಮನಿರಲಿಲ್ಲ. ಹಿಕ್ಕೆಯಲ್ಲಿ ಬೀಜ ಉಂಟೋ ಇಲ್ಲವೋ ಎಂದಷ್ಟೇ ಅವರು ಕೇಳಿದ್ದಾರೆ, ಉಂಟೆಂದು ಬರೆದುಕೊಡು, ಅದರಲ್ಲಿ ಸುಳ್ಳೇನಿದೆ, ಕೇಳದ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಯಾಕೆ ಹೋಗುತ್ತೀ ಎಂದರು. ಅವರು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅದೇ ಅವಳನ್ನು ಕೊರೆಯಿತು. ಒಂದು ಖರೆ ಮಾತು ಬರೆದು ಆ ಹಿಂಡನ್ನು ಬೀದಿಗೆ ಹಾಕಬಹುದಿತ್ತು, ತನ್ನ ಸಹಿಗೆ ಗೀರೂ ಬೀಳುತ್ತಿರಲಿಲ್ಲ.

ಗುರುವಾರ ಮಧ್ಯಾಹ್ನ ಐವತ್ತು ಗ್ರಾಂ ತೂಗಿಕೊಂಡು ಕೂತಳು. ಕುದುರೆ ಮಸಾಲೆಯ ಬೀಜ ನುಣುಪು, ಹಳದಿ ಬೆರೆತ ಕಂದು. ಅದರ ನಡುವೆ ಬಳ್ಳಿಯ ಬೀಜ ಕೂತರೆ ಗಾಜಿನಡಿಯೂ ಕಣ್ಣು ಜಾರುತ್ತದೆ. ಸಂಜೆಗೆ ಎರಡು ಸಾವಿರವಾಯಿತು. ಶುಕ್ರವಾರ ಎದ್ದೆದ್ದು ಕೂತು, ಕಣ್ಣಿಗೆ ನೀರು ತಟ್ಟಿಕೊಂಡು, ಮತ್ತೆ ಕೂತು, ಐದು ಸಾವಿರ ನೋಡಿದಳು. ಒಂದೂ ಸಿಗಲಿಲ್ಲ. ಸಿಗದಿದ್ದರೆ ತಾನು ಬರೆದದ್ದು ಸರಿಯೆಂದಾಗಿ ಗೆದ್ದೆನೆಂದು ಒಂದು ಮನಸ್ಸು. ಸಿಗದಿದ್ದರೆ ಬೋರವ್ವನ ಗತಿ ಏನು ಎಂದು ಇನ್ನೊಂದು. ಯಾವುದನ್ನು ಹುಡುಕುತ್ತಿದ್ದೇನೆ, ಬೀಜವನ್ನೋ ಬೀಜ ಇಲ್ಲದಿರುವುದನ್ನೋ ಎಂದು ತಿಳಿಯದೆ ಅವಳು ಕಂಗಾಲಾದಳು. ರಾತ್ರಿ ಕಣ್ಣು ಮುಚ್ಚಿದರೆ ರೆಪ್ಪೆಯೊಳಗೂ ಕಾಳು ಉರುಳುತ್ತಿದ್ದವು.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಎಂಟು ಸಾವಿರವೂ ದಾಟಿರಲಿಲ್ಲ. ಭಾನುವಾರ ರಜೆ, ಸೋಮವಾರ ಚೊಳಚಗುಡ್ಡ. ಅವಸರದಲ್ಲಿ ಕೈ ತಾಗಿ ಒಂದು ಚಮಚದಷ್ಟು ಬೀಜ ನೆಲಕ್ಕೆ ಚೆಲ್ಲಿತು. ಅವಳು ಬಗ್ಗಿ ಆರಿಸುವುದನ್ನು ಕಿಟಕಿಯಾಚೆಯಿಂದ ಬೋರವ್ವ ನೋಡಿದಳು. ಒಳಗೆ ಬಂದು, ಹುಡುಕುವ ಬೀಜ ನುಣುಪೋ ಒರಟೋ ಎಂದು ಕೇಳಿದಳು. ಒರಟು ಎಂದಳು ಗುರುಸಿದ್ದವ್ವ. ಉಳಿದದ್ದು? ನುಣುಪು.

"ಮತ್ತ ಕಣ್ಣ ಯಾಕ ಕಳಕೋತೀ ತಂಗಿ," ಎಂದಳು ಮುದುಕಿ. "ಕಂಬಳಿ ಓರಿ ಮಾಡಿ ಹಿಡದು ಮ್ಯಾಲಿಂದ ಸುರುವು. ನುಣುಪಿದ್ದದ್ದು ಇಲಕಲ್ ಸೀರಿ ಸೆರಗಿನ ಮ್ಯಾಲಿಂದ ಜಾರಿಧಂಗ ಜಾರತೈತಿ, ಒರಟಿದ್ದದ್ದು ಉಣ್ಣಿಗಿ ಹತ್ತಕೋತೈತಿ. ನಾವು ಸಾವಿ ಕಾಳ ಹಿಂಗ ಹಸನ ಮಾಡ್ತೇವಿ."

ಗುರುಸಿದ್ದವ್ವ ಚಿಮಟ ಕೆಳಗಿಟ್ಟಳು. ಒರಟು ಬಟ್ಟೆಯ ಉರುಳೆಯ ಮೇಲೆ ಬೀಜ ಹರಿಸಿ ಈ ಬಳ್ಳಿಯ ಬೀಜವನ್ನು ಬೇರೆ ಮಾಡುವ ಯಂತ್ರ ಪರದೇಶದಲ್ಲಿದೆ ಎಂದು ತರಬೇತಿಯಲ್ಲಿ ಕೇಳಿದ್ದಳು. ಆ ಯಂತ್ರ ಎರಡು ದಿನದಿಂದ ಕಟ್ಟೆಯ ಮೇಲೆ ಮುದುಕಿಯ ಹೆಗಲೇರಿ ಕೂತಿತ್ತು. ಅವಳಿಗೆ ನಗು ಬಂತು, ಅಳುವೂ ಬಂತು. ಮಲೀಕಸಾಬನನ್ನು ಕರೆದಳು. ಬೋರವ್ವ ಕಂಬಳಿಯನ್ನು ಜೋರಾಗಿ ಎರಡು ಸಲ ಕೊಡವಿದಳು. ಇಬ್ಬರೂ ಎರಡೆರಡು ಚುಂಗು ಹಿಡಿದು ಓರೆ ಮಾಡಿದರು. ಗುರುಸಿದ್ದವ್ವ ತೂಗಿಟ್ಟದ್ದರಲ್ಲಿ ಉಳಿದದ್ದನ್ನೂ ಪೊಟ್ಟಣದ ತಳದಲ್ಲಿದ್ದದ್ದನ್ನೂ ಸೇರಿಸಿ ಮೇಲಿನಿಂದ ತೆಳ್ಳಗೆ ಸುರಿದಳು. ಬೀಜ ಸರಸರ ಇಳಿದು ಕೆಳಗಿನ ಕಾಗದದ ಮೇಲೆ ಗುಡ್ಡೆಯಾಯಿತು. ಐದು ನಿಮಿಷದ ಕೆಲಸ.

ಆಮೇಲೆ ಕಂಬಳಿಯನ್ನು ಮೇಜಿನ ಮೇಲೆ ಹಾಸಿ ಗಾಜು ಹಿಡಿದಳು. ಕರಿ ಉಣ್ಣೆಯ ಎಳೆಗಳಲ್ಲಿ ಸಿಕ್ಕಿಕೊಂಡು ಒಂದು ಕಂದು ಬೀಜ. ಒರಟು. ಪಕ್ಕದಲ್ಲಿ ಇನ್ನೊಂದು. ಚಿಮಟದಿಂದ ಒಂದೊಂದೇ ಎತ್ತಿ ಗಾಜಿನ ತಟ್ಟೆಗೆ ಹಾಕಿದಳು. ಹನ್ನೊಂದಾದವು.  ಚೀಲದಲ್ಲೇ ಇತ್ತು, ಕುರಿಯ ತಪ್ಪಿಲ್ಲ, ನಂದೇ ತಪ್ಪು ಎಂದು ಬಾಯಿಗೆ ಬಂದ ಮಾತನ್ನು ತಡೆದು ಹನ್ನೆರಡನೆಯದನ್ನು ಎತ್ತಿದಳು. ಅದು ದಪ್ಪಗಿತ್ತು. ಉಳಿದವಕ್ಕೆ ಎರಡರಷ್ಟು.

ಬೇಲಿಯ ಬಳ್ಳಿಯ ಬೀಜ. ಹೊರಸೀಮೆಯಿಂದ ಬಂದ ಕುದುರೆ ಮಸಾಲೆಯ ಚೀಲದಲ್ಲಿ ಅದು ಇರಲು ಸಾಧ್ಯವೇ ಇರಲಿಲ್ಲ. ಅದು ಕಂಬಳಿಯದು. ಈ ಕಂಬಳಿ ಅಮಾತೆಪ್ಪನ ಒಡ್ಡಿನ ಮೇಲೆ, ಅವನೆಸೆದ ಸೊಪ್ಪಿನ ಪಕ್ಕದಲ್ಲೇ ಹಾಸಿತ್ತು, ಬೇಲಿಗೆ ತಾಗಿತ್ತು, ತಿಂಗಳುಗಟ್ಟಲೆ ಕುರಿಗಳ ನಡುವೆ ಮಲಗಿತ್ತು. ಎರಡು ಸಲ ಕೊಡವಿದರೆ ಹೋಗುವಂಥದ್ದಾಗಿದ್ದರೆ ಉಣ್ಣೆಗೆ ಒರಟು ಬೀಜ ಹತ್ತಿಕೊಳ್ಳುತ್ತದೆ ಎಂಬ ಮಾತಿಗೇ ಅರ್ಥವಿರಲಿಲ್ಲ. ದಪ್ಪದ್ದು ಕಂಬಳಿಯದಾದರೆ ಉಳಿದ ಹನ್ನೊಂದೂ ಕಂಬಳಿಯವೇ ಇರಬಹುದು. ಚೀಲದವೂ ಇರಬಹುದು. ಯಾವ ಗಾಜಿನಿಂದಲೂ ಇನ್ನು ಅದನ್ನು ಹೇಳಲಾಗುತ್ತಿರಲಿಲ್ಲ. ಪೊಟ್ಟಣ ಖಾಲಿಯಾಗಿತ್ತು.

ಮೊದಲ ತಪ್ಪೂ ಅವಸರದ್ದು, ಎರಡನೆಯದೂ ಅವಸರದ್ದು. ಹದಿನಾಲ್ಕು ವರ್ಷ ಶುದ್ಧ ಕೈ, ಶುದ್ಧ ತಟ್ಟೆ, ಶುದ್ಧ ಮೇಜು ಎಂದು ಬಂದವರಿಗೆಲ್ಲ ಪಾಠ ಹೇಳಿದವಳು ಸಾಕ್ಷಿಯನ್ನೆಲ್ಲ ತಾನೇ ಕುರಿಯ ಕಂಬಳಿಗೆ ಸುರಿದಿದ್ದಳು. ಗುರುಸಿದ್ದವ್ವ ಕುರ್ಚಿ ಹಿಡಿದು ನಿಂತೇ ಇದ್ದಳು. ಮಲೀಕಸಾಬನಿಗೆ ಹೇಳದೆಯೇ ತಿಳಿಯಿತು. ಅವನು ಖಾಲಿ ಪೊಟ್ಟಣವನ್ನು ಮಡಚುತ್ತ, ಇನ್ನು ಯಾರೂ ಏನೂ ಕೇಳುವಂತಿಲ್ಲ ಬಾಯಾರೇ, ದೇವರೇ ಮುಚ್ಚಿದ ಎಂದುಕೊಂಡು ನಿರುಮ್ಮಳವಾಗಿರಿ ಎಂದ. ಪ್ರೀತಿಯಿಂದಲೇ ಹೇಳಿದ. ಬೋರವ್ವ ಇಬ್ಬರ ಮುಖವನ್ನೂ ನೋಡಿದಳು.

"ನಮ್ಮ ಕಂಬಳಿ ಕೆಡಿಸಿತೇನ?" ಎಂದು ಮೆಲ್ಲಗೆ ಕೇಳಿದಳು.

"ಇಲ್ಲ ಆಯಿ. ನಾ ಕೆಡಿಸಿದೆ."

ಮುದುಕಿ ಕಂಬಳಿಯನ್ನು ಮಡಚಿ ಹೆಗಲಿಗೆ ಹಾಕಿಕೊಂಡು ಹೋದಳು. ಆ ಸಂಜೆ ಕಟ್ಟೆಯ ಮೇಲೆ ಕೂರಲಿಲ್ಲ.

ಭಾನುವಾರ ಗುರುಸಿದ್ದವ್ವ ಘಟಪ್ರಭೆಯ ತನಕ ನಡೆದುಹೋದಳು. ಅಲ್ಲಿ ನಿಲ್ಲಲಾಗದೆ ವಾಪಸು ಬಂದಳು. ಒಲೆ ಹೊತ್ತಿಸಿ, ಏನು ಮಾಡಲು ಹೊತ್ತಿಸಿದೆನೆಂದು ಮರೆತು ಆರಿಸಿದಳು. ಮತ್ತೆ ಹೊಳೆಗೆ ಹೋದಳು. ದಾರಿಯ ಮನೆಗಳ ಮೇಲೆಲ್ಲ ಮುಳುಗಡೆಯ ನಂಬರು. ಜನ ಆ ಗೋಡೆಗಳಿಗೇ ಕುಳ್ಳು ತಟ್ಟಿ, ಅದರಡಿಯಲ್ಲೇ ರೊಟ್ಟಿ ಬಡಿಯುತ್ತ ಹಾಯಾಗಿದ್ದರು. ಅವರ ಮೇಲೆ ಅವಳಿಗೆ ಸಿಟ್ಟು ಬಂತು. ಸಂಗಯ್ಯನವರ ಮೇಲೆ ಬಂತು, ನೂರ ನಲವತ್ತು ಮಾದರಿ ಕಳಿಸಿದವರ ಮೇಲೆ ಬಂತು. ಎಲ್ಲರ ಸರದಿ ಮುಗಿದ ಮೇಲೆ ಉಳಿದವಳು ತಾನೊಬ್ಬಳೇ. ಮೂರನೇ ಸಲ ಹೊಳೆಯಿಂದ ತಿರುಗುವಾಗ ಅವಳಿಗೆ ಒಂದು ಮಾತು ಹೊಳೆಯಿತು. ಎಷ್ಟು ಸರಳವೆಂದರೆ ಮೂರು ದಿನ ಅದು ಕಣ್ಣಿಗೇ ಬಿದ್ದಿರಲಿಲ್ಲ. ಚೀಲದಲ್ಲಿ ಬೀಜ ಇತ್ತೋ ಇಲ್ಲವೋ ಎಂಬುದಕ್ಕೆ ಪುರಾವೆ ಬೇಕು. ತಾನು ನೋಡದೆ ಬರೆದೆ ಎಂಬುದಕ್ಕೆ ಯಾವ ಬೀಜವೂ ಬೇಕಿಲ್ಲ. ಅದಕ್ಕೆ ತನ್ನ ಬಾಯಿ ಸಾಕು.

ಸೋಮವಾರ ಬಾದಾಮಿಗೆ ಬಸ್ಸು, ಅಲ್ಲಿಂದ ಚೊಳಚಗುಡ್ಡಕ್ಕೆ ಟಾಂಗಾ. ಚಾವಡಿಯ ಕಟ್ಟೆಯ ಮೇಲೆ ಹಿರಿಯರು ಏಳೆಂಟು ಜನ, ಒಂದು ಕಡೆ ಅಮಾತೆಪ್ಪ. ಕೆಳಗೆ ಮಣ್ಣಿನಲ್ಲಿ ಅಮಸಿದ್ದಪ್ಪ ಕುಕ್ಕರಗಾಲಲ್ಲಿ ಕೂತಿದ್ದ, ಹಿಂದೆ ಬೋರವ್ವ. ಗುರುಸಿದ್ದವ್ವನಿಗೊಂದು ಕುರ್ಚಿ ಹಾಕಿದ್ದರು. ಅವಳು ಕೂರಲಿಲ್ಲ. ಚೀಲದಿಂದ ಎರಡು ಕಾಗದ ತೆಗೆದು ಮೊದಲನೆಯದನ್ನು ಓದಿದಳು. ಹಿಕ್ಕೆಯಲ್ಲಿ ಬಳ್ಳಿಯ ಬೀಜ ಮೂವತ್ತೊಂದು ಇವೆ, ಅವು ಹೊಲದಲ್ಲಿ ಹಬ್ಬಿದ ಬಳ್ಳಿಯವೇ.

ಹಿರಿಯರು ತಲೆಯಾಡಿಸಿದರು. ಅಮಸಿದ್ದಪ್ಪ ಕಾಗದ ಮುಗಿಯಿತೆಂದು ಎದ್ದು ನಿಂತು ಕೋಲು ಎತ್ತಿಕೊಂಡ. ಅವನು ಯಾರನ್ನೂ ಬೈಯಲಿಲ್ಲ. ತಾಯಿಯ ಕಡೆ ನೋಡಿ ನಡಿ ಎಂದು ಸನ್ನೆ ಮಾಡಿದ.

ಇನ್ನೊಂದು ಕಾಗದ ಇದೆ ಎಂದಳು ಗುರುಸಿದ್ದವ್ವ. ಅದನ್ನು ಓದಲು ಹೋದರೆ ಅಕ್ಷರ ಕುಣಿದವು. ಮಡಚಿ ಕೈಯಲ್ಲೇ ಇಟ್ಟುಕೊಂಡು ಬಾಯಿಂದಲೇ ಹೇಳಿದಳು. ಈ ಬಳ್ಳಿ ಈ ಸೀಮೆಯ ಬೇಲಿಯ ಮೇಲಿಲ್ಲ, ಆದ್ದರಿಂದ ಅಕ್ಟೋಬರದಲ್ಲಿ ತರುಬಿಸಿದಾಗ ಕುರಿ ಅದನ್ನು ಎಲ್ಲಿ ತಿಂದವು ಎಂದು ತನಗೆ ತೋಚುತ್ತಿಲ್ಲ. ಇಂಥ ಬಳ್ಳಿ ಸಾಮಾನ್ಯವಾಗಿ ಬರುವುದು ಹೊರಗಿನಿಂದ ತಂದ ಬೀಜದ ಜೊತೆ. ಅದಕ್ಕೇ ಐವತ್ತು ಗ್ರಾಂ ಬೀಜ ಪೂರ್ತಿ ನೋಡಿ ಸಹಿ ಹಾಕಬೇಕೆಂದು ನಿಯಮವಿದೆ. ತಾನು ಐದೇ ಗ್ರಾಂ ನೋಡಿ ಐವತ್ತು ನೋಡಿದೆನೆಂದು ಬರೆದೆ.

 ಅಮಾತೆಪ್ಪ ಜೇಬಿನ ಚೀಟಿಯನ್ನು ಮುಟ್ಟಿ ನೋಡಿಕೊಂಡ.

"ಹಂಗಾರ ಚೀಲದಾಗ ಬಳ್ಳಿ ಬೀಜ ಇತ್ತು ಅಂತೀರೇನ್ರಿ?"

"ಗೊತ್ತಿಲ್ಲರಿ," ಎಂದಳು. "ನಾ ನೋಡಿಲ್ಲ."

ಕಾಯ್ದಿಟ್ಟ ಪೊಟ್ಟಣ ಇರಬೇಕಲ್ಲ ಎಂದು ಹಿರಿಯರಲ್ಲೊಬ್ಬರು ತಿಳಿದವರಂತೆ ಕೇಳಿದರು. ಅದನ್ನೂ ಹೇಗೆ ಕೆಡಿಸಿದೆನೆಂದು ಹೇಳಿದಳು. ಕಂಬಳಿ ಯಾರದೆಂದು ಮಾತ್ರ ಹೇಳಲಿಲ್ಲ. ಬೋರವ್ವ ತಾನೇ ಎದ್ದು, ಕಂಬಳಿ ನಂದ್ರೀ ಎಂದು ಹೇಳಿ ಮತ್ತೆ ಕೂತಳು. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೊತ್ತಿಲ್ಲದ್ದಕ್ಕೆ ಹಿಂಡನ್ನು ಹೊರಗೆ ಹಾಕುವುದು ಹೇಗೆ ಎಂದು ಒಬ್ಬರು, ಗೊತ್ತಿಲ್ಲದ್ದಕ್ಕೆ ಬಿಡುವುದಾದರೂ ಹೇಗೆ ಎಂದು ಇನ್ನೊಬ್ಬರು. ಕೊನೆಗೆ ಎಲ್ಲರೂ ದೂರು ತಂದವನ ಕಡೆ ತಿರುಗಿದರು.

ಅಮಾತೆಪ್ಪ ಎದ್ದು ನಿಂತ. ಕುರಿಯ ಮೇಲೆ ತಾನು ಹೊರಿಸಿದ ಮಾತು ಹಿಂದಕ್ಕೆ ತೆಗೆದುಕೊಂಡಿದ್ದೇನೆ, ಅವು ಎಂದಿನಂತೆ ಬರಲಿ, ತನ್ನ ಹೊಲಕ್ಕೂ ಬರಲಿ ಎಂದ. ಅವನ ದನಿಯಲ್ಲಿ ದೊಡ್ಡತನವೇನೂ ಇರಲಿಲ್ಲ, ಬರೀ ದಣಿವು. ಅಮಸಿದ್ದಪ್ಪ ಕೋಲು ಕೆಳಗಿಟ್ಟ. ಗುರುಸಿದ್ದವ್ವ ಇನ್ನೇನು ಉಸಿರಾಡಬೇಕು, ಅಮಾತೆಪ್ಪ ಚೀಟಿಯನ್ನು ತೆಗೆದು ಅವಳ ಮುಂದೆ ಹಿಡಿದ.

"ಇದೊಂದ ಚೀಲ ನೋಡಿಲ್ಲೋ, ಬ್ಯಾರೆವೂ ನೋಡಿಲ್ಲೋ?"

ಬರುವ ದಾರಿಯುದ್ದಕ್ಕೂ ಅವಳು ಎಲ್ಲ ಪ್ರಶ್ನೆಗೂ ಉತ್ತರ ಹೊಂದಿಸಿಕೊಂಡಿದ್ದಳು. ಈ ಪ್ರಶ್ನೆಯನ್ನು ಮಾತ್ರ ಮನಸ್ಸು ಹತ್ತಿರಕ್ಕೂ ಬಿಟ್ಟುಕೊಂಡಿರಲಿಲ್ಲ.

"ಬ್ಯಾರೆವೂ ನೋಡಿಲ್ಲರಿ," ಎಂದಳು.

ಅಮಾತೆಪ್ಪ ಚೀಟಿಯನ್ನು ಅವಳ ಕೈಗೆ ಕೊಟ್ಟು ಕಟ್ಟೆ ಇಳಿದು ಹೋದ.

ಮರುದಿನ ಸಂಗಯ್ಯನವರು ಅವಳ ಎರಡನೇ ಕಾಗದ ಓದಿ, ಓದಿದ್ದನ್ನು ನಂಬಲಾರದೆ ಇನ್ನೊಮ್ಮೆ ಓದಿ, ಸಂಘಕ್ಕೆ ಪತ್ರ ಬರೆದರು. ಆದೇಶ ಬರಲು ಹತ್ತು ಹದಿನೈದು ದಿನವಾದರೂ ಬೇಕು, ಅಲ್ಲಿಯ ತನಕ ಹೊಸ ಮಾದರಿ ಮುಟ್ಟಬೇಡ ಎಂದರು. ಹಳೆಯವನ್ನು ಮುಟ್ಟಬೇಡ ಎಂದು ಹೇಳಲು ಅವರಿಗೆ ಹೊಳೆಯಲಿಲ್ಲ. ಆ ಹಂಗಾಮಿನ ಕುದುರೆ ಮಸಾಲೆಯ ಪೊಟ್ಟಣ ಇನ್ನೂ ಎಷ್ಟಿವೆ ಎಂದು ಗುರುಸಿದ್ದವ್ವ ಕೇಳಿದಳು. ಒಂಬತ್ತು ಎಂದ ಮಲೀಕಸಾಬ. ಒಂಬತ್ತು ಪೊಟ್ಟಣ, ಎರಡೂಕಾಲು ಲಕ್ಷ ಕಾಳು. ಮೇಜನ್ನು ಎರಡು ಸಲ ಒರೆಸಿ, ಕೈ ತೊಳೆದು, ಮೊದಲನೆಯದನ್ನು ತೂಗಿಕೊಂಡು ಕೂತಳು. ಕಿಟಕಿಯ ತನಕ ಹೋಗಿ ಬರುವ ಮನಸ್ಸು ಗಳಿಗೆಗೊಮ್ಮೆ ಎದ್ದಿತು. ಕುರ್ಚಿಯ ಕಾಲಿಗೆ ಕಾಲು ಸಿಕ್ಕಿಸಿಕೊಂಡು ಕೂತಳು. ಮೊದಲ ಪೊಟ್ಟಣದಲ್ಲಿ ಏನೂ ಇರಲಿಲ್ಲ. ಎರಡನೆಯದರಲ್ಲೂ ಇರಲಿಲ್ಲ.

ಮೂರನೆಯದರಲ್ಲಿ, ಮರುವಾರದ ಬುಧವಾರ ಬೆಳಿಗ್ಗೆ, ಹದಿನೇಳು ಸಾವಿರ ದಾಟಿದ ಮೇಲೆ ಚಿಮಟದ ತುದಿಗೆ ಒಂದು ಬೀಜ ಬಂತು. ಸಣ್ಣದು, ಕಂದು, ಒರಟು. ಮೇಜಿನ ಮೇಲೆ ಉಣ್ಣೆಯ ಒಂದೆಳೆಯೂ ಇರಲಿಲ್ಲ. ಅವಳು ಅದನ್ನು ತಟ್ಟೆಯಲ್ಲಿಟ್ಟು ಮತ್ತೆ ನೋಡಿದಳು, ನಳಿಕೆಯ ಬೀಜದ ಪಕ್ಕದಲ್ಲಿಟ್ಟು ಇನ್ನೊಮ್ಮೆ ನೋಡಿದಳು. ಆಮೇಲೆ, ಈ ನಂಬರಿನ ಚೀಲಗಳು ಯಾವ ಊರಿಗೆ ಹೋಗಿವೆ ನೋಡಿ ಎಂದು ಮಲೀಕಸಾಬನಿಗೆ ಹೇಳಿದಳು. ಅವನು ರಿಜಿಸ್ಟರಿನ ಸಾಲಿನ ಮೇಲೆ ಬೆರಳಿಟ್ಟು ಹುಡುಕಿದ. ಬೆರಳು ನಿಂತಿತು. 

"ಹುನಗುಂದ, ಬಾಯಾರ," ಎಂದ. "ಹನ್ನೆರಡೂ ಚೀಲ."

ಗುರುಸಿದ್ದವ್ವ ಬೀಜವನ್ನು ಕಾಗದದಲ್ಲಿ ಸುತ್ತಿ, ತಾರೀಖು ಬರೆದು, ಹನ್ನೊಂದರ ಬಸ್ಸಿಗೆ ಹೊರಟಳು. ಹುನಗುಂದದಲ್ಲಿ ಚೀಟಿಯ ಮೇಲಿನ ಸಹಿ ಯಾರದೆಂದು ಕೇಳಿ ತಿಳಿಯಬೇಕಾದವರು ಯಾರೂ ಇರಲಿಲ್ಲ.